ಅಜ್ಜಿಯ ಬಲಗಣ್ಣು

ಕೇಸ್ ಶೀಟಿನಲ್ಲಿ ಬರೆದಿದ್ದು ಬಲಗಣ್ಣು. ನಾನು ಹನಿ ಹಾಕಿದ್ದು ಎಡಗಣ್ಣಿಗೆ. ಅದೂ ಒಂದು ಸಲವಲ್ಲ. ಹತ್ತು ಹತ್ತು ನಿಮಿಷ ಬಿಟ್ಟು ನಾಲ್ಕು ಸಲ. ನಾಲ್ಕು ಸಲವೂ ಅದೇ ಕಣ್ಣಿಗೆ.

ಜಿ.ಎನ್.ಎಂ. ನರ್ಸಿಂಗ್ ಮುಗಿಸಿ ಕಣ್ಣಿನ ಆಸ್ಪತ್ರೆಯೊಂದಕ್ಕೆ ಸೇರಿ ಐದು ತಿಂಗಳಾಗಿತ್ತು. ಪೊರೆ ಆಪರೇಷನ್ನಿಗೆ ಬಂದವರ ಪಾಪೆ ಅಗಲವಾಗಲೆಂದು ಬೆಳಿಗ್ಗೆ ಡ್ರಾಪ್ಸ್ ಹಾಕುವುದು ನನ್ನ ಕೆಲಸ. ಪಾಪೆ ಎಂದರೆ ಒಂದು ತೂತು, ಅಷ್ಟೆ. ಅದರ ಸುತ್ತ ಎರಡು ಬಗೆಯ ಸ್ನಾಯುಗಳಿವೆ. ಒಂದು ಚೀಲದ ಬಾಯಿಗೆ ಹಾಕಿದ ಲಾಡಿಯ ಹಾಗೆ ಸುತ್ತುವರಿದು ಬಿಗಿಯುತ್ತದೆ. ಇನ್ನೊಂದು ಗಾಲಿಯ ಅರಗಳ ಹಾಗೆ ನಿಂತು ಹೊರಕ್ಕೆ ಎಳೆಯುತ್ತದೆ. ನಾವು ಹಾಕುವ ಟ್ರೋಪಿಕಮೈಡ್ ಹನಿ ಬಿಗಿಯುವ ಸ್ನಾಯುವನ್ನು ಸಡಿಲ ಮಾಡುತ್ತದೆ, ಜೊತೆಗಿರುವ ಫಿನೈಲೆಫ್ರಿನ್ ಎಳೆಯುವ ಸ್ನಾಯುವಿಗೆ ಬಲ ಕೊಡುತ್ತದೆ. ಪಾಪೆ ಅಗಲವಾದರೆ ಮಾತ್ರ ಅದರ ಹಿಂದಿರುವ ಮಸುಕಾದ ಮಸೂರಕ್ಕೆ ಡಾಕ್ಟರ ಕೈ ಸಲೀಸಾಗಿ ಮುಟ್ಟುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಒಳ್ಳೆಯ ಅಂಕ ತೆಗೆದಿದ್ದೆ.

ಬಲ ಎಡವೂ ಗೊತ್ತಿತ್ತು. ಮೊದಲ ವರ್ಷದ ಅನಾಟಮಿ ಪುಸ್ತಕದ ಮೊದಲ ಪಾಠವೇ ಅದು: ಅನಾಟಮಿಕಲ್ ಪೊಸಿಷನ್. ಮನುಷ್ಯ ನೆಟ್ಟಗೆ ನಿಂತಿದ್ದಾನೆ, ಮುಖ ಮುಂದಕ್ಕೆ, ಕೈಗಳು ಪಕ್ಕದಲ್ಲಿ ಇಳಿಬಿದ್ದಿವೆ, ಅಂಗೈ ಮುಂದಕ್ಕೆ, ಪಾದಗಳೂ ಮುಂದಕ್ಕೆ. ದೇಹದ ಯಾವ ಭಾಗದ ಬಗ್ಗೆ ಮಾತಾಡಿದರೂ ಅವನು ಹೀಗೇ ನಿಂತಿದ್ದಾನೆಂದು ಎಣಿಸಿ ಮಾತಾಡಬೇಕು. ಬಲ ಎಂದರೆ ಅವನ ಬಲ, ನೋಡುವವರ ಬಲವಲ್ಲ. ಕನ್ನಡ ಮೀಡಿಯಮ್ಮಿನಿಂದ ಹೋದವಳು ನಾನು. ಇಂಗ್ಲಿಷಿನ ಆ ಸಾಲುಗಳನ್ನು ರಾತ್ರಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಒಂದಕ್ಷರ ತಪ್ಪದ ಹಾಗೆ ಬಾಯಿಪಾಠ ಮಾಡಿದ್ದೆ. ಬಾಯಿಗೆ ಬಂದದ್ದು ಕೈಗೆ ಇಳಿದಿರಲಿಲ್ಲ.

ನಮ್ಮ ವಾರ್ಡಿನಲ್ಲಿ ಪೇಷೆಂಟುಗಳನ್ನು ಅಂಗಾತ ಮಲಗಿಸಿ, ತಲೆಯ ಕಡೆ ನಿಂತು ಹನಿ ಹಾಕುತ್ತಿದ್ದೆವು. ಹಾಗೆ ನಿಂತರೆ ಅವರ ಬಲ ನಮ್ಮ ಬಲಗೈ ಕಡೆಗೇ ಬರುತ್ತದೆ. ಐದು ತಿಂಗಳು ದಿನಕ್ಕೆ ಹತ್ತಿಪ್ಪತ್ತು ಜನರಿಗೆ ಹಾಗೆ ಹಾಕಿ ಹಾಕಿ, ಬಲಗಣ್ಣು ಎಂದ ಕೂಡಲೇ ಕೈ ಬಲಕ್ಕೆ ಹೋಗುವುದು ರೂಢಿಯಾಗಿತ್ತು. ಆ ದಿನ ಮಂಚಗಳು ತುಂಬಿದ್ದವು. ಹಾವೇರಿ ಕಡೆಯ ಹಳ್ಳಿಯಿಂದ ಬಂದಿದ್ದ ಅಜ್ಜಿಯೊಬ್ಬರು ಗೋಡೆಗೊರಗಿ ಬೆಂಚಿನ ಮೇಲೆ ಕೂತಿದ್ದರು. ನಾನು ಅವರ ಎದುರಿಗೆ ನಿಂತೆ. ಕೈ ಎಂದಿನಂತೆ ನನ್ನ ಬಲಕ್ಕೇ ಹೋಯಿತು.

ಎರಡನೆಯ ಸಲ ಹೋದಾಗ ಅಜ್ಜಿ ಮೆಲ್ಲಗೆ ಅಂದರು: "ತಂಗೀ, ಈ ಕಣ್ಣು ಚಲೋ ಐತಿ. ಕಾಣದ್ದು ಆ ಕಡೀದು."

"ಮಾತಾಡಬ್ಯಾಡ್ರಿ ಅಜ್ಜಿ, ಔಷಧ ಹೊರಗ ಬರ್ತೈತಿ. ಕಣ್ಣು ಮುಚ್ಚಿಕೊಂಡು ಕೂಡ್ರಿ."

ಹನಿಯನ್ನು ತಪ್ಪು ಕಣ್ಣಿಗೆ ಹಾಕಿದ್ದಕ್ಕಿಂತ ಈ ಮಾತು ಆಡಿದ್ದೇ ನನಗೆ ಇವತ್ತಿಗೂ ಹೆಚ್ಚು ಚುಚ್ಚುತ್ತದೆ. ಅಜ್ಜಿಗೆ ಅನಾಟಮಿ ಗೊತ್ತಿರಲಿಲ್ಲ, ತನ್ನ ಮೈ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿದಾಗ ನಾನು ಸುಮ್ಮನಾಗಿಸಿದೆ.

ಓಟಿಯ ಬಾಗಿಲಲ್ಲಿ ಡಾಕ್ಟರು ಟಾರ್ಚು ಬಿಟ್ಟು ನೋಡಿದರು. ಬಲಗಣ್ಣಿನ ಪಾಪೆ ಸಾಸಿವೆಕಾಳಿನಷ್ಟು, ಅದರ ಹಿಂದೆ ಬೆಳ್ಳಗಿನ ಪೊರೆ. ಎಡಗಣ್ಣಿನ ಪಾಪೆ ದೊಡ್ಡದಾಗಿ ಅರಳಿತ್ತು.

"ಯಾವ ಕಣ್ಣಮ್ಮ?"

"ಬಲ, ಸರ್."

"ಯಾರ ಬಲ?"

ನನಗೆ ಉತ್ತರ ಹೊಳೆಯಲಿಲ್ಲ. ಗೊತ್ತಿದ್ದ ವ್ಯಾಖ್ಯಾನವೂ ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ. ಡಾಕ್ಟರು ಬೈಯಲಿಲ್ಲ. ಅಜ್ಜಿಯ ಆಪರೇಷನ್ನನ್ನು ಮರುದಿನಕ್ಕೆ ಹಾಕಿ, ಪಟ್ಟಿಯಲ್ಲಿದ್ದ ಉಳಿದವರ ಕಣ್ಣುಗಳನ್ನೆಲ್ಲ ತಾವೇ ಇನ್ನೊಮ್ಮೆ ನೋಡಿದರು. ಹೆಡ್ ಸಿಸ್ಟರ್ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, "ಹೋಗಿ ಅವರಿಗೆ ನಿಜ ಹೇಳು. ಡಾಕ್ಟರಿಗೆ ಟೈಮಿಲ್ಲ ಅಂತ ಹೇಳಬೇಡ," ಎಂದರು. ನಾನು ಹಾಗೇ ಹೇಳಬೇಕೆಂದುಕೊಂಡಿದ್ದೆ.

ಕೂಲಿ ಬಿಟ್ಟು ಬಂದಿದ್ದ ಮಗ ಅಲ್ಲೇ ನಿಂತಿದ್ದ. ನಾನು ತಪ್ಪು ಕಣ್ಣಿಗೆ ಔಷಧ ಹಾಕಿದೆ ಎಂದೆ. ಅಜ್ಜಿ, "ಹೇಳಿದ್ನಲ್ಲವ್ವಾ," ಎಂದರು. ಅಷ್ಟೇ.

ಆ ಹನಿಯಿಂದ ಕಣ್ಣಿಗೆ ಶಾಶ್ವತ ತೊಂದರೆಯೇನೂ ಆಗಲಿಲ್ಲ. ಆದರೆ ಪಾಪೆ ಗಂಟೆಗಟ್ಟಲೆ ಕುಗ್ಗುವುದಿಲ್ಲ. ಬೆಳಕು ತಡೆಯಿಲ್ಲದೆ ಒಳಗೆ ನುಗ್ಗುತ್ತದೆ. ಒಂದು ಕಣ್ಣಿಗೆ ಪೊರೆ, ಕಾಣುತ್ತಿದ್ದ ಇನ್ನೊಂದು ಕಣ್ಣಿಗೆ ಟ್ಯೂಬ್‌ಲೈಟೂ ಕುಕ್ಕುತ್ತಿತ್ತು. ಆ ಸಂಜೆ ಅಜ್ಜಿಗೆ ಬಚ್ಚಲಿಗೆ ಹೋಗಲೂ ಕೈ ಹಿಡಿಯುವವರು ಬೇಕಾಯಿತು. ಡ್ಯೂಟಿ ಮುಗಿದರೂ ನಾನು ಹೊರಡಲಿಲ್ಲ. ಸೆರಗನ್ನು ಹಣೆಯ ಮೇಲಕ್ಕೆಳೆದುಕೊಂಡು, ಹೊಸ್ತಿಲಿನ ಹತ್ತಿರ ಕಾಲಿನಿಂದ ತಡಕುತ್ತ, ಅವರು ನನ್ನ ಭುಜಕ್ಕೆ ಆತು ನಡೆದರು.

ಮರುದಿನ ಆಪರೇಷನ್ ಚೆನ್ನಾಗಿಯೇ ಆಯಿತು.

ಅದಾದ ಮೇಲೆ ಟ್ರಂಕಿನಿಂದ ಮೊದಲ ವರ್ಷದ ಪುಸ್ತಕ ತೆಗೆದೆ. ಈ ಸಲ ಬಾಯಿಪಾಠ ಮಾಡಲಿಲ್ಲ, ಎದ್ದು ನಿಂತು ಓದಿದೆ. ಅಂಗೈ ಯಾಕೆ ಮುಂದಕ್ಕಿರಬೇಕು ಎಂದು ನಾನು ಎಂದೂ ಕೇಳಿಕೊಂಡಿರಲಿಲ್ಲ. ಅಂಗೈ ಮುಂದಕ್ಕಿದ್ದಾಗ ಮುಂಗೈಯ ರೇಡಿಯಸ್, ಅಲ್ನಾ ಎರಡೂ ಮೂಳೆಗಳು ಒಂದಕ್ಕೊಂದು ಸಮಾನಾಂತರವಾಗಿ ನಿಲ್ಲುತ್ತವೆ. ಅಂಗೈ ಹಿಂದಕ್ಕೆ ತಿರುವಿದರೆ ರೇಡಿಯಸ್ ಅಲ್ನಾದ ಮೇಲೆ ಅಡ್ಡ ಹಾಯುತ್ತದೆ. ಇನ್ನೊಂದು ಕೈಯಿಂದ ಹಿಡಿದುಕೊಂಡು ತಿರುವಿದರೆ ಅದು ಹೊರಳುವುದು ಬೆರಳಿಗೇ ತಿಳಿಯುತ್ತದೆ. ಒಂದು ನಿಲುವನ್ನು ಗೊತ್ತುಮಾಡಿಕೊಂಡದ್ದರಿಂದಲೇ ಹೆಬ್ಬೆರಳು ಎಂದೆಂದಿಗೂ ಲ್ಯಾಟರಲ್, ಅಂದರೆ ದೇಹದ ನಡುಗೆರೆಯಿಂದ ದೂರದ್ದು. ಕಿರುಬೆರಳು ಮೀಡಿಯಲ್, ನಡುಗೆರೆಗೆ ಹತ್ತಿರದ್ದು. ಕೈ ಹೇಗೇ ತಿರುಗಿರಲಿ, ನಾಡಿ ನೋಡುವಾಗ ನಾವು ಹುಡುಕುವುದು ಹೆಬ್ಬೆರಳಿನ ಕಡೆ, ರೇಡಿಯಸ್ಸಿನ ಮಗ್ಗುಲಲ್ಲಿ.

ದೇಹದ ಒಳಗೆ ಎಡಬಲಗಳು ಒಂದೇ ಅಲ್ಲ. ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಎಡಕ್ಕೆ ಎರಡು. ಮೇಲೆ ಪಿತ್ತಜನಕಾಂಗ ಕೂತಿರುವುದರಿಂದ ಬಲ ಮೂತ್ರಪಿಂಡ ಎಡದ್ದಕ್ಕಿಂತ ತುಸು ಕೆಳಗಿರುತ್ತದೆ. ಶ್ವಾಸನಾಳದ ಬಲಗಡೆಯ ಕವಲು ಅಗಲ, ಗಿಡ್ಡ, ಹೆಚ್ಚು ನೆಟ್ಟಗೆ. ಮಗುವಿನ ಗಂಟಲಲ್ಲಿ ಜಾರಿದ ಶೇಂಗಾಬೀಜ ಹೆಚ್ಚಾಗಿ ಆ ಕಡೆಗೇ ಇಳಿಯುತ್ತದೆ. ಎಕ್ಸ್‌ರೇ ಫಿಲ್ಮನ್ನು ಪೇಷೆಂಟು ನಮಗೆ ಎದುರಾಗಿ ನಿಂತ ಹಾಗೆ ಇಟ್ಟು ನೋಡುತ್ತಾರೆ. ಅವರ ಹೃದಯ ನಮ್ಮ ಬಲಗೈ ಕಡೆ ಕಾಣುತ್ತದೆ.

ಊರಿಗೆ ಹೋದಾಗ ಇದನ್ನೆಲ್ಲ ಅವ್ವನಿಗೆ ಹೇಳಿದೆ. ಅವಳಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. "ಸೊಸಿ ಮನೀ ತುಂಬುವಾಗ ಅತ್ತಿ ಒಳಗ ನಿಂತು ಬಲಗಾಲು ಇಟ್ಟು ಬಾ ಅಂತಾಳ. ಅದು ಯಾರ ಬಲಗಾಲು? ಎತ್ತಿನ ಮುಂದ ಹೋಗಿ ನಿಂತರ ಎಡದ ಎತ್ತು ಬಲದ್ದು ಆಗತೈತೇನು?" ಹಾಸ್ಟೆಲಿನ ಮೆಟ್ಟಿಲ ಮೇಲೆ ಇಂಗ್ಲಿಷಿನಲ್ಲಿ ಉರು ಹೊಡೆಯುವಾಗ ಈ ಹೊಸ್ತಿಲು ನೆನಪಾಗಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ. ಪಾಠ ನನ್ನ ಮನೆಯಲ್ಲೇ ಇತ್ತು. ನಾನು ಅದನ್ನು ಪರದೇಶದ ಸಂಗತಿ ಎಂದುಕೊಂಡಿದ್ದೆ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆಂದು 19 ಅಂಶಗಳ ಸುರಕ್ಷತಾ ಪಟ್ಟಿ ಹೊರತಂದಿತು. ಅರಿವಳಿಕೆ ಕೊಡುವ ಮುಂಚೆಯೇ, ಆಪರೇಷನ್ ಆಗಬೇಕಾದ ಜಾಗವನ್ನು ಪೇಷೆಂಟಿನಿಂದ ಖಚಿತ ಮಾಡಿಕೊಂಡಿದೆಯೇ, ಗುರುತು ಹಾಕಿದೆಯೇ ಎಂದು ಕೇಳಬೇಕು ಎನ್ನುತ್ತದೆ ಅದು. ಎಡಬಲ ತಪ್ಪಿದವಳು ನಾನೊಬ್ಬಳೇ ಆಗಿದ್ದರೆ ಆ ಪ್ರಶ್ನೆ ಅಲ್ಲಿ ಇರುತ್ತಿರಲಿಲ್ಲ.

ಈಗ ವಾರ್ಡಿಗೆ ಬರುವ ಹೊಸ ಹುಡುಗಿಯರಿಗೆ ಮೊದಲು ಹನಿಯ ಬಾಟಲಿ ಕೊಡುವುದಿಲ್ಲ. ಒಬ್ಬಳನ್ನು ಬೆಂಚಿನ ಮೇಲೆ ಕೂರಿಸಿ, ಇನ್ನೊಬ್ಬಳನ್ನು ಎದುರಿಗೂ ಆಮೇಲೆ ತಲೆಯ ಹಿಂದೆಯೂ ನಿಲ್ಲಿಸಿ, ಬಲಗಣ್ಣು ತೋರಿಸು ಎನ್ನುತ್ತೇನೆ. ಪೇಷೆಂಟಿನ ಹತ್ತಿರ ಹೋದಾಗ ನಾನೂ ಶೀಟು ನೋಡುವ ಮೊದಲು ಕೇಳುತ್ತೇನೆ: "ಯಾವ ಕಣ್ಣಿಗ್ರಿ ಆಪರೇಷನ್? ಮುಟ್ಟಿ ತೋರಿಸ್ರಿ." ಅವರು ಕೈ ಎತ್ತಿ ಮುಟ್ಟುತ್ತಾರೆ. ಆ ಹುಬ್ಬಿನ ಮೇಲೆ ಪ್ಲಾಸ್ಟರಿನ ತುಂಡು ಅಂಟಿಸಿ, ಶೀಟು ಓದಿ, ಎರಡೂ ಹೊಂದಿದ ಮೇಲೆಯೇ ಬಾಟಲಿಯ ಮುಚ್ಚಳ ತಿರುವುತ್ತೇನೆ.