ನೈಲ್ ನದಿಯ ವರ್ತಕ

ರಾತ್ರಿ ಊಟವಾದ ಬಳಿಕ ಜಗಲಿಯಲ್ಲಿ ಕುಳಿತು ಮಕ್ಕಳಿಗೆ ದೇಶಾಂತರದ ಕಥೆಗಳನ್ನು ಹೇಳುವುದು ನಮ್ಮ ಮನೆಯ ಪದ್ಧತಿ. ಮೊನ್ನೆ ನಮಗೊಂದು ಚಪಲ ಹುಟ್ಟಿತು. ಮೂರು ಸಾವಿರ ವರ್ಷಗಳಿಗೂ ಹಿಂದೆ ನಾವು ಈಜಿಪ್ಟ್ ದೇಶದಲ್ಲಿ ದೋಣಿಯ ವರ್ತಕರಾಗಿದ್ದೆವೆಂದು ಭಾವಿಸಿಕೊಂಡು, ಆ ಜನ್ಮದ ವೃತ್ತಾಂತವನ್ನು ಹೇಳತೊಡಗಿದೆವು.

ಆ ದೇಶದ ವರ್ತಕನಿಗೆ ಪ್ರಕೃತಿಯು ಮಾಡಿಕೊಟ್ಟ ಅನುಕೂಲವು ಅಸಾಧಾರಣವಾದುದು. ನೈಲ್ ನದಿಯು ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಗಾಳಿಯಾದರೋ ಬಹುಮಟ್ಟಿಗೆ ಉತ್ತರದಿಂದ ದಕ್ಷಿಣಕ್ಕೆ ಬೀಸುತ್ತದೆ. ಆದುದರಿಂದ ಸಮುದ್ರದ ಕಡೆಗೆ ಹೋಗುವಾಗ ಪಟವನ್ನಿಳಿಸಿ, ಹುಟ್ಟು ಹಾಕುತ್ತ ಪ್ರವಾಹದೊಡನೆ ಸಾಗುವುದು; ಹಿಂದಿರುಗುವಾಗ ಪಟವನ್ನೇರಿಸಿ ಗಾಳಿಗೆ ಒಪ್ಪಿಸಿಬಿಡುವುದು. ಅಲ್ಲಿಯ ಚಿತ್ರಲಿಪಿಯಲ್ಲಿಯೂ ದಕ್ಷಿಣದ ಪ್ರಯಾಣಕ್ಕೆ ಪಟವೇರಿಸಿದ ದೋಣಿಯೇ ಗುರುತು. ಉತ್ತರದ ಪ್ರಯಾಣಕ್ಕೆ ಪಟವಿಲ್ಲದ ದೋಣಿ.

ನಾಣ್ಯವೆಂಬುದು ಆಗ ಇರಲಿಲ್ಲ. ‘ದೆಬೆನ್’ ಎಂಬ, ಸುಮಾರು 91 ಗ್ರಾಂ ಭಾರದ ತೂಕವೊಂದಿತ್ತು. ಇಂಥ ವಸ್ತು ಇಷ್ಟು ದೆಬೆನ್ ತಾಮ್ರಕ್ಕೆ ಅಥವಾ ಬೆಳ್ಳಿಗೆ ಸಮವೆಂದು ಎಣಿಸಿ, ವಸ್ತುವಿಗೆ ವಸ್ತುವನ್ನೇ ಕೊಟ್ಟು ಕೊಳ್ಳುತ್ತಿದ್ದರು. ಅನೇಕ ವರ್ತಕರು ದೇವಾಲಯಗಳ ಅಥವಾ ದೊಡ್ಡ ಮನೆತನಗಳ ಸೇವಕರಾಗಿದ್ದು, ಒಡೆಯರ ಸರಕನ್ನೇ ಊರಿಂದೂರಿಗೆ ಒಯ್ಯುತ್ತಿದ್ದರು.

ಇಷ್ಟನ್ನು ಹೇಳುವಷ್ಟರಲ್ಲಿ ನಾವು ವರ್ತಕರೇ ಆಗಿಬಿಟ್ಟಿದ್ದೆವು. ಆಗ ನಮ್ಮ ಕಿರಿಯ ಮಗಳು, “ಅಪ್ಪಾ, ನಿಮ್ಮ ದೋಣಿಯಲ್ಲಿ ಏನೇನಿತ್ತು?” ಎಂದು ಕೇಳಿದಳು. “ನಾರುಬಟ್ಟೆ, ಎಣ್ಣೆ, ಜೇನು, ಕಂಚಿನ ಪಾತ್ರೆ” ಎಂದು ಎಣಿಸುತ್ತ ಹೋದವರು ಅಲ್ಲಿಗೇ ತಡೆದು ನಿಂತೆವು. ಆ ದಿನ ಸಂಜೆ ನಾವು ಓದಿದ್ದ ಒಂದು ವ್ಯಾಜ್ಯದ ಸಂಗತಿಯು ನೆನಪಿಗೆ ಬಂದಿತು.

ಆ ವ್ಯಾಜ್ಯದ ಪತ್ರವು ಎರಡನೆಯ ರಾಮ್ಸೆಸನ ಕಾಲದ್ದೆಂದು, ಎಂದರೆ ಕ್ರಿ. ಪೂ. 13ನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸುತ್ತಾರೆ. 1935ರಲ್ಲಿ ಅದು ಪ್ರಕಟವಾಯಿತು. ಥೀಬ್ಸ್ ನಗರದ ಪಶ್ಚಿಮಭಾಗದ ಅಧಿಕಾರಿಯೊಬ್ಬನ ಮನೆಗೆ ಸೇರಿದ ಇರಿನೆಫ್ರೆತ್ ಎಂಬ ಗೃಹಿಣಿಯು ನ್ಯಾಯಸ್ಥಾನದಲ್ಲಿ ನುಡಿದ ಹೇಳಿಕೆ ಅದರಲ್ಲಿದೆ. ರಾಯಿಯ ಎಂಬ ವರ್ತಕನು ಅವಳ ಬಳಿಗೆ ಸಿರಿಯದವಳೊಬ್ಬಳನ್ನು ಕರೆತಂದನು. ಅವಳಿನ್ನೂ ಹುಡುಗಿ. ಗೃಹಿಣಿಯು ಬಟ್ಟೆಗಳನ್ನೂ ಕಂಚಿನ ಪಾತ್ರೆಗಳನ್ನೂ ಒಂದು ಗಡಿಗೆ ಜೇನನ್ನೂ ಕೊಟ್ಟು ಅವಳನ್ನು ಕೊಂಡಳು. ಒಟ್ಟು ಬೆಲೆಯು 4 ದೆಬೆನ್ 1 ಕಿತೆ ಬೆಳ್ಳಿ. 10 ಕಿತೆಗೆ ಒಂದು ದೆಬೆನ್. ಮುಂದೆ, ಆ ಬೆಲೆಯಲ್ಲಿ ಸೇರಿದ ಸಾಮಾನುಗಳಲ್ಲಿ ಕೆಲವು ಬೇರೊಬ್ಬ ಸ್ತ್ರೀಗೆ ಸೇರಿದವೆಂದು ಜಗಳವೆದ್ದಿತು. ಪತ್ರದ ಕೊನೆ ಹರಿದುಹೋಗಿರುವುದರಿಂದ ತೀರ್ಪು ಉಳಿದಿಲ್ಲ.

ವಾಚಕರೇ, ಪಾತ್ರೆಗಳು ಯಾರವೆಂದು ವಿಚಾರಣೆ ನಡೆಯಿತು. ಆ ಹುಡುಗಿ ಯಾರ ಮಗಳೆಂದು ಕೇಳಿದವರು ಆ ಪತ್ರದಲ್ಲಿಲ್ಲ. ನಮ್ಮ ಕಲ್ಪನೆಯ ದೋಣಿಯಲ್ಲಿ ಜೇನಿನ ಗಡಿಗೆಗೆ ಸ್ಥಳವಿತ್ತು, ತಂಗಾಳಿಗೆ ಸ್ಥಳವಿತ್ತು; ಅವಳನ್ನು ಮಾತ್ರ ನಾವು ಹತ್ತಿಸಿಕೊಂಡಿರಲಿಲ್ಲ. ಹಿಂದಿನ ಕಾಲದ ಸೊಗಸನ್ನು ಹೇಳುವವನಿಗೆ ಇದಕ್ಕಿಂತ ಸುಲಭವಾದ ಮರೆವು ಮತ್ತೊಂದಿಲ್ಲ.

ಮಕ್ಕಳಿಗೆ ಹೇಳುವುದೋ ಬಿಡುವುದೋ ಎಂದು ಕೊಂಚ ಯೋಚಿಸಿ, ಕಡೆಗೆ ಹೇಳಿಯೇಬಿಟ್ಟೆವು. ಮಗಳು ಬಹಳ ಹೊತ್ತು ಸುಮ್ಮನಿದ್ದು, “ಅವಳ ಹೆಸರೇನಪ್ಪಾ?” ಎಂದಳು.

ಪತ್ರದಲ್ಲೊಂದು ಹೆಸರುಂಟು. ‘ಪಶ್ಚಿಮದಲ್ಲಿ ಇವಳನ್ನು ಕಂಡೆನು’ ಎಂದು ಅದರ ಅರ್ಥ. ಅದು ಈಜಿಪ್ಟಿನ ಮಾತು, ಕೊಂಡವರ ನಾಡಿನ ಮಾತು. ಸಿರಿಯದಲ್ಲಿ ಅವಳ ತಾಯಿಯು ಕರೆಯುತ್ತಿದ್ದ ಹೆಸರನ್ನು ಯಾರೂ ಬರೆದಿಡಲಿಲ್ಲವೆಂದು ತಿಳಿಸಿದೆವು.

ಮಗಳು ನಮ್ಮ ಮಗ್ಗುಲಿಗೆ ಸರಿದು ಕುಳಿತಳು. ದೋಣಿಯ ಕಥೆಯನ್ನು ಅಂದು ನಾವು ಮುಂದುವರಿಸಲಿಲ್ಲ.