ಮುರಿದ ಕಾಲಿನ ಪ್ರೊಸೆಸರು

ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ನಮ್ಮ ತಾಯಿ ಅದನ್ನು ಕಿವಿಯ ಬಳಿ ಹಿಡಿದು, ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಕಂಚಿನಂತೆ ನಾದ ಬಂದರೆ ಗಡಿಗೆ ಗಟ್ಟಿ; ಸದ್ದು ಒಡಕಾಗಿ ಬಂದರೆ ಎಲ್ಲೋ ಬಿರುಕಿದೆ ಎಂದರ್ಥ. ಎತ್ತು ಕೊಳ್ಳುವಾಗ ನಮ್ಮ ತಂದೆ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾರೆ. ಇಂಥ ಮನೆಯಲ್ಲಿ ಹುಟ್ಟಿದ ನಾನು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಯಾರೋ ಬಳಸಿ ಬಿಟ್ಟ ಪ್ರೊಸೆಸರೊಂದನ್ನು ಮಗುಚಿ ಸಹ ನೋಡದೆ ಜೇಬಿಗಿಳಿಸಿಕೊಂಡು ಬಂದೆನೆಂದರೆ ನನ್ನ ಬುದ್ಧಿಗೆ ಏನು ಹೇಳೋಣ! ಬಿ.ಎ. ತರಗತಿಯಲ್ಲಿ ನಾನು ಓದುತ್ತಿರುವುದು ಅರ್ಥಶಾಸ್ತ್ರ ಎಂಬುದನ್ನು ಇಲ್ಲಿ ಹೇಳದಿರುವುದೇ ಲೇಸು.

ಕಂಪ್ಯೂಟರು ಬೇಕಾಗಿದ್ದುದು ನನಗಲ್ಲ, ನನ್ನ ಅಕ್ಕನಿಗೆ. ಸಂಶೋಧನೆ ಮಾಡುವವರ ಪ್ರಬಂಧಗಳನ್ನು ಪುಟಕ್ಕಿಷ್ಟು ಎಂದು ಟೈಪು ಮಾಡಿಕೊಡುವುದು ಅವಳ ಕಸುಬು. ಹಳೆಯ ಯಂತ್ರ ಕೆಟ್ಟು ಕೂತಿತ್ತು. ಸೋದರಮಾವನ ಮಗ ಒಂದು ಪೆಟ್ಟಿಗೆ, ಒಂದು ಮದರ್ ಬೋರ್ಡು, ಎಂಟೆಂಟು ಜಿ.ಬಿ.ಯ ಎರಡು ರ್‍ಯಾಮು ಕೊಟ್ಟಿದ್ದ. ಪ್ರೊಸೆಸರು ಒಂದಿದ್ದರೆ ಸಂಸಾರ ಸಾಗುತ್ತಿತ್ತು. ಎರಡು ತಿಂಗಳು ಕೂಡಿಟ್ಟ ಹಣವನ್ನು ಅಕ್ಕ ನನ್ನ ಕೈಗಿಟ್ಟು, “ನೋಡಿ ತಗೊಂಡು ಬಾ” ಎಂದಿದ್ದಳು. ನಾನು ತಂದೆ, ನೋಡಲಿಲ್ಲ, ಅಷ್ಟೆ.

ತಂದದ್ದು ಎ.ಎಂ.ಡಿ. ಕಂಪನಿಯ ರೈಜನ್ 3 3200ಜಿ. 2019ರಲ್ಲಿ ಮಾರುಕಟ್ಟೆಗೆ ಬಂದ ಮಾಲು. ಒಂದೊಂದು ಬದಿಯೂ ನಾಲ್ಕು ಸೆಂಟಿಮೀಟರಿನ ಚೌಕ. ಮೇಲೆ ಲೋಹದ ಮುಚ್ಚಳ, ಕೆಳಗೆ ಚಿನ್ನದ ಲೇಪವಿರುವ 1331 ಪಿನ್ನುಗಳು. ಈ ಪಿನ್ನುಗಳೇ ಅದರ ಕಾಲು. ಬೋರ್ಡಿನ ತೂತುಗಳಲ್ಲಿ ಅವು ಇಳಿದು ನಿಂತರೆ ಮಾತ್ರ ವಿದ್ಯುತ್ತೂ ಬರುತ್ತದೆ, ವಿಷಯವೂ ಹೋಗಿಬರುತ್ತದೆ. ಇಂಟೆಲ್ ಕಂಪನಿಯವರು 2004ರಲ್ಲೇ ಪಿನ್ನುಗಳನ್ನು ಪ್ರೊಸೆಸರಿನಿಂದ ತೆಗೆದು ಬೋರ್ಡಿನ ಸಾಕೆಟ್ಟಿಗೆ ಕೊಟ್ಟರು, ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರುಗಳ ಮಟ್ಟಿಗೆ ಎ.ಎಂ.ಡಿ.ಯವರು ಆ ಬುದ್ಧಿಗೆ ಬಂದದ್ದು 2022ರಲ್ಲಿ. ನನ್ನದು ಅದಕ್ಕೆ ಮೊದಲಿನದಾದ್ದರಿಂದ ಕಾಲುಗಳೆಲ್ಲ ಅದಕ್ಕೇ ಇದ್ದವು. ಮನೆಯಲ್ಲಿ ಮಗುಚಿ ನೋಡಿದರೆ ಮೂರು ಬಾಗಿದ್ದವು, ಮೂಲೆಯ ಬಳಿ ಒಂದು ಮುರಿದೇ ಹೋಗಿತ್ತು.

ಅಂಗಡಿಯವನಿಗೆ ಫೋನು ಮಾಡಿದೆ. “ಹಾಕಿ ನೋಡಿ ಸಾರ್, ಓಡುತ್ತೆ. ಓಡದಿದ್ರೆ ಆಮೇಲೆ ಮಾತಾಡೋಣ” ಎಂದ. ಅಕ್ಕ ಪಕ್ಕದಲ್ಲೇ ನಿಂತಿದ್ದಳು. “ಹಾಕಿದ್ರೆ ಬೆಂಕಿಗಿಂಕಿ ಹತ್ತಿಕೊಳ್ಳಲ್ಲ ತಾನೇ ಕಣೋ?” ಎಂದು ಕೇಳಿದಳು. “ಏನೂ ಆಗಲ್ಲ ಬಿಡಕ್ಕ” ಎಂದೆ. ಈ ‘ಏನೂ ಆಗಲ್ಲ’ ಎಂಬ ಮಾತನ್ನು ಎಷ್ಟು ಸುಲಭವಾಗಿ ಆಡುತ್ತೇವೆ ಎಂಬುದಕ್ಕಾಗಿಯೇ ನಾನು ಈ ಲೇಖನ ಬರೆಯುತ್ತಿರುವುದು.

ನಮ್ಮೂರ ಬಸ್ ನಿಲ್ದಾಣದ ಬಳಿ, ರೇಡಿಯೋ ರಿಪೇರಿಯಿಂದ ಆರಂಭಿಸಿ ಈಗ ಕಂಪ್ಯೂಟರಿಗೆ ಬಂದು ನಿಂತಿರುವ ಹಿರಿಯರೊಬ್ಬರಿದ್ದಾರೆ. ಕನ್ನಡಕವನ್ನು ಹಣೆಗೇರಿಸಿ, ಭೂತಗಾಜು ಹಿಡಿದು ನೋಡಿ, ಅವರು ಮೊದಲು ಬೈದರು. ಬಳಿಕ ಪಾಠ ಹೇಳಿದರು.

“ಅಪಾಯ ಅಂದರೆ ಯಾರಿಗೆ ಅಂತ ಮೊದಲು ಕೇಳಿಕೊಳ್ಳಬೇಕಪ್ಪ. ನಿನಗೋ, ಬೋರ್ಡಿಗೋ, ನಿಮ್ಮಕ್ಕನ ಕೆಲಸಕ್ಕೋ?”

ಮನುಷ್ಯರಿಗೆ ಹೆದರಿಕೆಯಿಲ್ಲವೆಂದರು. ಪ್ರೊಸೆಸರಿನ ಒಡಲಿಗೆ ಹೋಗುವ ವಿದ್ಯುತ್ತಿನ ಒತ್ತಡ ಒಂದೂಕಾಲು ವೋಲ್ಟಿನ ಆಸುಪಾಸು. ಟಾರ್ಚಿಗೆ ಹಾಕುವ ಸೆಲ್ಲಿನದೇ ಅದಕ್ಕಿಂತ ಹೆಚ್ಚು, ಒಂದೂವರೆ ವೋಲ್ಟು. ಮುಟ್ಟಿದರೆ ಹೊಡೆಯುವ ಮನೆಯ ಕರೆಂಟು ಪವರ್ ಸಪ್ಲೈ ಡಬ್ಬಿಯವರೆಗೆ ಬಂದು ನಿಲ್ಲುತ್ತದೆ. ಹೆದರಬೇಕಾದರೆ ಅಗ್ಗದ ಆ ಡಬ್ಬಿಗೆ ಹೆದರಬೇಕು.

ಬೋರ್ಡಿಗೆ ಅಪಾಯವುಂಟು. ಒತ್ತಡ ಕಡಿಮೆಯಾದರೂ ಹರಿವು ಹೆಚ್ಚು. 65 ವಾಟ್ ತಿನ್ನುವ ಪ್ರೊಸೆಸರಿಗೆ ಅಷ್ಟು ಸಣ್ಣ ಒತ್ತಡದಲ್ಲಿ ಐವತ್ತು ಆಂಪಿಯರಿನಷ್ಟು ಹರಿಯಬೇಕು. ಬಾಗಿದ ಪಿನ್ನು ಪಕ್ಕದ್ದನ್ನು ಮುಟ್ಟಿ, ಅವೆರಡರಲ್ಲಿ ಒಂದು ವಿದ್ಯುತ್ ತರುವಂಥದಾಗಿದ್ದರೆ, ಪ್ರೊಸೆಸರಿನ ಜೊತೆಗೆ ಬೋರ್ಡೂ ಕೆಡಬಹುದು. ಆದ್ದರಿಂದ ಪಿನ್ನು ಬಾಗಿರುವಾಗ ‘ಹಾಕಿ ನೋಡುವುದು’ ಸಲ್ಲದು. ನೆಟ್ಟಗೆ ಮಾಡಿಯೇ ಹಾಕಬೇಕು. ಹಾಕುವಾಗ ಅಮುಕಲೂ ಕೂಡದು. ಸಾಕೆಟ್ಟಿನ ಸನ್ನೆಯನ್ನು ಮೇಲೆತ್ತಿ, ಮೂಲೆಯ ತ್ರಿಕೋನದ ಗುರುತನ್ನು ಹೊಂದಿಸಿಟ್ಟರೆ ಪ್ರೊಸೆಸರು ತನ್ನ ಭಾರಕ್ಕೇ ಇಳಿಯಬೇಕು. ಇಳಿಯದಿದ್ದರೆ ಇನ್ನೂ ಒಂದು ಕಾಲು ಸೊಟ್ಟಗಿದೆ ಎಂದರ್ಥ.

ಇಷ್ಟು ಹೇಳಿ, ಕಡ್ಡಿಯಿಲ್ಲದ ಒತ್ತುಪೆನ್ಸಿಲಿನ ಮೂತಿಯನ್ನು ಬಾಗಿದ ಪಿನ್ನಿಗೆ ತೊಡಿಸಿ, ಉಸಿರು ಬಿಗಿಹಿಡಿದು ಒಂದೊಂದನ್ನೇ ನೆಟ್ಟಗೆ ಮಾಡಿದರು. “ಒಂದು ಸಲ ತಿದ್ದಬಹುದು, ಮತ್ತೆ ಮತ್ತೆ ಬಗ್ಗಿಸಿದರೆ ಮುರಿಯುತ್ತೆ” ಎಂದರು. ಮುರಿದದ್ದು ಯಾವುದೆಂದು ಪಿನ್ನುಗಳ ನಕ್ಷೆ ತೆಗೆದು ನೋಡಿದರೆ ಅದು ‘ಗ್ರೌಂಡ್’, ಅಂದರೆ ವಿದ್ಯುತ್ತು ಹಿಂದಿರುಗುವ ದಾರಿ. ಅಂಥವು ನೂರಾರಿರುವುದರಿಂದ ಒಂದು ಹೋದರೆ ಉಳಿದವು ಹೊರುತ್ತವೆ. ಪಕ್ಕದ್ದು ಮುರಿದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ನನ್ನ ಜಾಣತನದಿಂದಲ್ಲ, ಪುಣ್ಯದಿಂದ ಬದುಕಿದೆ.

ಯಂತ್ರ ಓಡಿತು. ಆದರೆ ಹದಿನಾರು ಜಿ.ಬಿ. ರ್‍ಯಾಮಿನಲ್ಲಿ ಎಂಟೇ ಕಾಣಿಸಿತು. ತೆಗೆದು ಮತ್ತೆ ಕೂಡಿಸಿದಾಗ ಹದಿನಾರೂ ಬಂತು. ನಾನು ಗೆದ್ದವನಂತೆ ಅದನ್ನು ಮನೆಗೆ ಹೊತ್ತು ತಂದೆ. “ಎರಡು ರಾತ್ರಿ ಪರೀಕ್ಷೆಗೆ ಹಾಕು” ಎಂದು ಹಿರಿಯರು ಹೇಳಿದ್ದನ್ನು, ಪರೀಕ್ಷೆ ಎಂಬ ಶಬ್ದದ ಮೇಲೆ ವಿದ್ಯಾರ್ಥಿಗಿರುವ ಸಹಜ ಪ್ರೀತಿಯಿಂದಲೋ ಏನೋ, ಮರೆತುಬಿಟ್ಟೆ.

ಹತ್ತನೆಯ ದಿನ ಅಕ್ಕ ಟೈಪು ಮಾಡಿದ್ದ ನಲವತ್ತು ಪುಟಗಳ ಕಡತ ತೆರೆಯಲಿಲ್ಲ. ಅದಕ್ಕೆ ನಕಲಿರಲಿಲ್ಲ. ಪ್ರಬಂಧ ಸಲ್ಲಿಸಲು ಆ ವಿದ್ಯಾರ್ಥಿನಿಗೆ ಒಂದೇ ವಾರ ಉಳಿದಿತ್ತು. ಅಕ್ಕ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಮೂರು ರಾತ್ರಿ ಕೂತು ಅಷ್ಟನ್ನೂ ಮತ್ತೆ ಟೈಪು ಮಾಡಿದಳು. ನಾನು ಪಕ್ಕದಲ್ಲಿ ಕೂತು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಿ ಹೇಳಿದೆ. ಆ ಕೆಲಸ ನಡೆದದ್ದು ಪಕ್ಕದ ಮನೆಯಿಂದ ಬೇಡಿ ತಂದ ಕಂಪ್ಯೂಟರಿನಲ್ಲಿ.

ಆಮೇಲೆ ಪರೀಕ್ಷೆ ನಡೆಸಿದೆ. ಮೆಮ್‌ಟೆಸ್ಟ್86 ಎಂಬ ತಂತ್ರಾಂಶ ನೆನಪಿನ ಪ್ರತಿ ಮನೆಯಲ್ಲೂ ಒಂದು ಅಂಕೆಯನ್ನಿಟ್ಟು, ಹಿಂದಕ್ಕೆ ಓದಿ ತಾಳೆ ನೋಡುತ್ತದೆ. ಅರ್ಧ ಗಂಟೆಯಲ್ಲೇ ತಪ್ಪುಗಳು ಕೆಂಪಾಗಿ ತೋರಿದವು. ರ್‍ಯಾಮುಗಳನ್ನು ಅದಲುಬದಲು ಮಾಡಿದೆ. ತಪ್ಪು ರ್‍ಯಾಮಿನ ಜೊತೆ ಹೋಗಲಿಲ್ಲ. ಅದೇ ದಾರಿಯಲ್ಲೇ ಉಳಿಯಿತು. ತಿದ್ದಿದ ಪಿನ್ನುಗಳಲ್ಲಿ ಒಂದು ಆ ದಾರಿಯದೇ ಎಂದು ನಕ್ಷೆ ಹೇಳಿತು. ಒಮ್ಮೆ ತಾಗುತ್ತದೆ, ಒಮ್ಮೆ ತಾಗುವುದಿಲ್ಲ. ಇನ್ನೊಂದು ದಾರಿಯಲ್ಲಿ ಒಂದೇ ರ್‍ಯಾಮು ಹಾಕಿ ಇಡೀ ರಾತ್ರಿ ಬಿಟ್ಟೆ: ಒಂದು ತಪ್ಪೂ ಇಲ್ಲ. ಮರುದಿನ ಪ್ರೈಮ್95 ಓಡಿಸಿದೆ. ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಹುಟ್ಟಿದ ಈ ತಂತ್ರಾಂಶ ಪ್ರೊಸೆಸರನ್ನು ದುಡಿಸಿ ದುಡಿಸಿ, ಬಂದ ಉತ್ತರವನ್ನು ಗೊತ್ತಿರುವ ಉತ್ತರದೊಡನೆ ಹೋಲಿಸುತ್ತದೆ. ಅದರಲ್ಲೂ ತೇರ್ಗಡೆಯಾಯಿತು. ಅದರ ಶಾಖದ ಮಿತಿ 95 ಡಿಗ್ರಿ. ಅಷ್ಟರ ಹತ್ತಿರವೂ ಏರಲಿಲ್ಲ.

ಓಡದ ಪ್ರೊಸೆಸರು ಪ್ರಾಮಾಣಿಕವಾದದ್ದು. ನನ್ನಿಂದಾಗದು ಎಂದು ಹೇಳಿಬಿಡುತ್ತದೆ. ಓಡುತ್ತಲೇ ತಪ್ಪುವುದೇ ನಿಜವಾದ ಅಪಾಯ. 1994ರಲ್ಲಿ ಅಮೆರಿಕದ ಥಾಮಸ್ ನೈಸ್ಲಿ ಎಂಬ ಗಣಿತದ ಅಧ್ಯಾಪಕರು ಹೊಚ್ಚಹೊಸ ಪೆಂಟಿಯಂ ಪ್ರೊಸೆಸರು ಭಾಗಾಕಾರದಲ್ಲಿ ತಪ್ಪುವುದನ್ನು ಕಂಡುಹಿಡಿದರು. ಅದು ಪೆಟ್ಟಿನಿಂದಾದ ದೋಷವಲ್ಲ, ರಚನೆಯಲ್ಲೇ ಇದ್ದದ್ದು. ಅದನ್ನು ಬದಲಿಸಿಕೊಡುವುದಕ್ಕಾಗಿ ಇಂಟೆಲ್ ಕಂಪನಿ 47.5 ಕೋಟಿ ಡಾಲರುಗಳನ್ನು ಲೆಕ್ಕಕ್ಕೆ ಬರೆಯಬೇಕಾಯಿತು. ಆ ಯಂತ್ರಗಳೂ ಓಡುತ್ತಲೇ ಇದ್ದವು!

ಆದ್ದರಿಂದ ಹಳೆಯ ಪ್ರೊಸೆಸರು ಕೊಳ್ಳುವ ಗೆಳೆಯರಿಗೆ ನನ್ನ ಅನುಭವದ ನಾಲ್ಕು ಮಾತು. ಮುಚ್ಚಳದ ಮೇಲಿನ ಗೀರಿಗೆ ಹೆದರಬೇಡಿ. ಅದು ಚರ್ಮದ ಗಾಯ. ಬಾಗಿದ ಪಿನ್ನನ್ನು ಬಲ್ಲವರಿಂದ ತಿದ್ದಿಸಿ. ಪಿನ್ನು ಮುರಿದಿದ್ದರೆ ಯಾವುದೆಂದು ನಕ್ಷೆಯಲ್ಲಿ ನೋಡಿ. ಕೆಳಗಿನ ಹಸಿರು ಹಲಗೆಯೇ ಬಿರಿದಿದ್ದರೆ, ಸುಟ್ಟ ಕಲೆಯಿದ್ದರೆ, ಸಾಸಿವೆಯಷ್ಟಿರುವ ಕೆಪ್ಯಾಸಿಟರು ಕಿತ್ತುಹೋಗಿದ್ದರೆ, ಕೈಮುಗಿದು ಹಿಂದಕ್ಕೆ ಕೊಡಿ. ಪಾಸಾದರೂ ದಿನದ ಕೆಲಸಕ್ಕೆ ಬೇರೆ ಕಡೆ ಒಂದು ನಕಲಿರಲಿ.

ಅಕ್ಕ ಈಗಲೂ ಅದರಲ್ಲೇ ಟೈಪು ಮಾಡುತ್ತಾಳೆ; ಒಂದೇ ರ್‍ಯಾಮು, ಎಂಟೇ ಜಿ.ಬಿ. ವೇಗ ಸ್ವಲ್ಪ ಕಡಿಮೆ. ಸಂಜೆ ಎಲ್ಲವನ್ನೂ ಪೆನ್‌ಡ್ರೈವಿಗೆ ತುಂಬಿಸಿ ಕುಂಕುಮದ ಡಬ್ಬಿಯ ಪಕ್ಕದಲ್ಲಿಡುತ್ತಾಳೆ.

ಮೊನ್ನೆ ನನ್ನ ಸಹಪಾಠಿಯೊಬ್ಬ, “ನಿಮ್ಮಕ್ಕ ಹೊಸದು ತಗೊಂಡರೆ ಆ ಪ್ರೊಸೆಸರು ನನಗೆ ಕೊಡೋ, ಚೆನ್ನಾಗಿ ಓಡುತ್ತಿದೆಯಲ್ಲ?” ಎಂದ. ಹೌದು ಎಂದರೆ ಸುಳ್ಳಾಗುತ್ತಿರಲಿಲ್ಲ. ನಾಲಗೆಯ ತುದಿಗೂ ಬಂತು. ಆದರೆ ಆ ಮೂರು ರಾತ್ರಿಗಳು ನೆನಪಾದವು. ಮುರಿದ ಕಾಲು, ಕೆಟ್ಟ ದಾರಿ, ಮಾಡಿದ ಪರೀಕ್ಷೆ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟು, “ಇದನ್ನು ಓದಿ ಆಮೇಲೆ ಬೆಲೆ ಹೇಳು” ಎಂದೆ. ಅವನು ಇನ್ನೂ ಉತ್ತರ ಕೊಟ್ಟಿಲ್ಲ, ಕೊಡದೆಯೂ ಇರಬಹುದು. ನನಗೆ ಮಾರಿದವನು ತಿಳಿದು ಸುಮ್ಮನಿದ್ದನೋ, ತಿಳಿಯದೆಯೋ, ನಾನರಿಯೆ. ನಾನಂತೂ ತಿಳಿದವನು.