ಗುಂಡನ ಸಿಕ್ಕು

ನಮ್ಮ ಶಿಟ್ಜು ಗುಂಡನಿಗೆ ಮನೇಲೇ ಸ್ನಾನ ಮಾಡಿಸೋ ಹುಮ್ಮಸ್ಸಲ್ಲಿ, ಬಾಚದೇ ನೀರು ಹುಯ್ದುಬಿಟ್ಟೆ. ಕಿವಿ ಹಿಂದಿನ ಸಿಕ್ಕೆಲ್ಲ ಒದ್ದೆಯಾಗಿ ಬಿಗಿದು ಗಂಟಾಯಿತು. ಬಾಚಣಿಗೆ ಎಳೆದರೆ ಕುಂಯ್ ಅಂತಿದ್ದ. ಕತ್ತರಿ ತಗೊಂಡೆ. ಗಂಟು ಎತ್ತಿದರೆ ಚರ್ಮವೂ ಜೊತೆಗೇ ಏಳುತ್ತೆ ಅನ್ನೋದು ರಕ್ತ ಕಂಡಮೇಲೇ ಗೊತ್ತಾಗಿದ್ದು. ಡಾಕ್ಟರ್ ಎರಡು ಹೊಲಿಗೆ ಹಾಕಿದರು. ಆಮೇಲೆ ನನ್ನ ಕೈಯಲ್ಲಿ ಬಾಚಣಿಗೆ ಕಂಡರೆ ಸಾಕು, ಗುಂಡ ಮಂಚದ ಕೆಳಗೆ.

ಊರಿಂದ ಬಂದ ಅವ್ವ, "ನಾಯಿಗೂ ತಲೆ ಬಾಚ್ತೀಯೇನೋ" ಅಂತ ನಕ್ಕಳು. ಮರುದಿನ ಅವಳೇ ಅವನನ್ನು ತೊಡೆ ಮೇಲೆ ಕೂರಿಸಿಕೊಂಡಳು. ಕೂದಲ ಬುಡ ಎರಡು ಬೆರಳಲ್ಲಿ ಹಿಡಿದು, ತುದಿಯಿಂದ ಎಳೆ ಎಳೆ ಬಿಡಿಸಿದಳು, ಅಕ್ಕನಿಗೆ ಜಡೆ ಹಾಕುವಾಗ ಮಾಡುತ್ತಿದ್ದ ಹಾಗೇ. ಗುಂಡ ನಿದ್ದೆ ಹೋದ.

ಈಗ ದಿನಾ ಹಾಗೇ ಬಾಚ್ತೀನಿ. ಮೊನ್ನೆ ಕರೆಯದೇ ಬಂದು ಪಕ್ಕದಲ್ಲಿ ಕೂತ.